ಗೋಧಿ ಒಲ್ಲದ ಹೊಟ್ಟೆಗೆ ಜೋಳದ ಆಸರೆ

ನಮ್ಮ ಸೀಮೆಯಲ್ಲಿ ಜೋಳ ದಿನದ ಧಾನ್ಯ, ಗೋಧಿ ಹಬ್ಬದ ಧಾನ್ಯ ಎಂಬುದು ಹಿರಿಯರ ಕಾಲದಿಂದ ನಡೆದುಬಂದ ವಾಡಿಕೆ. ಮಾನ್ವಿಯಿಂದ ಪೋತ್ನಾಳದ ಮೇಲೆ ಸಿಂಧನೂರಿಗೆ ಹೋಗಿ, ಇಲ್ಲವೆ ದೇವದುರ್ಗದ ಕಡೆಗೆ ಹೊರಳಿ. ಹಳೆಯ ಮನೆಗಳ ಒಲೆಯ ಮೇಲಿನ ಹಂಚು ಬಲ್ಲದ್ದು ಜೋಳದ ರೊಟ್ಟಿಯನ್ನು. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಅದರ ಪಕ್ಕಕ್ಕೆ ಅನ್ನವೂ ಬಂದು ಕುಳಿತಿತು. ಗೋಧಿಯಾದರೋ ಹೋಳಿಗೆಯ ಕಣಕಕ್ಕೆ, ಸಜ್ಜಕಕ್ಕೆ, ಶ್ಯಾವಿಗೆಗೆ ಮೀಸಲು. ಬೀಗರು ಬಂದ ದಿನ ಚಪಾತಿ. ಆ ಅತಿಥಿ ಈಗ ಮನೆಯವನೇ ಆಗಿದ್ದಾನೆ. ಮುಂಜಾನೆ ರವೆಯ ಉಪ್ಪಿಟ್ಟು, ಮಕ್ಕಳ ಚೀಲದಲ್ಲಿ ಬಿಸ್ಕತ್ತು, ಸಂಜೆಗೆ ಬೇಕರಿಯ ಬನ್ನು, ರಾತ್ರಿ ಚಪಾತಿ. ಹೀಗೆ ದಿನಕ್ಕೆ ನಾಲ್ಕು ಸಲ ಗೋಧಿ ಉಣ್ಣುವ ಮನೆಗಳು ಪಟ್ಟಣಗಳಲ್ಲಿ ಇಂದು ಅಪರೂಪವಲ್ಲ.

ಬಹುಮಂದಿಗೆ ಇದರಿಂದ ಯಾವ ಕೇಡೂ ಇಲ್ಲ. ಗೋಧಿ ಒಳ್ಳೆಯ ಧಾನ್ಯವೇ. ಆದರೆ ಕೆಲವರ ದೇಹಕ್ಕೆ ಅದು ಒಗ್ಗುವುದಿಲ್ಲ. ಒಗ್ಗದಿರುವುದಷ್ಟೇ ಅಲ್ಲ, ಉಂಡ ಗೋಧಿಯ ನೆವದಿಂದ ದೇಹವು ತನ್ನ ಕರುಳನ್ನು ತಾನೇ ಗಾಯಗೊಳಿಸಿಕೊಳ್ಳುತ್ತದೆ. ಈ ವ್ಯಾಧಿಗೆ ವೈದ್ಯರು ಸೀಲಿಯಾಕ್ ರೋಗವೆಂದು ಹೆಸರಿಟ್ಟಿದ್ದಾರೆ. ಇದನ್ನು ಕುರಿತು ಗೃಹಸ್ಥರಾದ ನಾವು ತಿಳಿಯಬೇಕಾದದ್ದು ಸ್ವಲ್ಪ ಹೆಚ್ಚೇ ಉಂಟು. ಏಕೆಂದರೆ ಇದರ ಔಷಧ ಅಂಗಡಿಯಲ್ಲಿ ಸಿಕ್ಕುವುದಿಲ್ಲ, ಅಡಿಗೆಮನೆಯಲ್ಲಿ ಸಿಕ್ಕುತ್ತದೆ.

ಒಂದು ಮನೆಯನ್ನು ಊಹಿಸಿಕೊಳ್ಳಿ. ಎಂಟು ವರ್ಷದ ಹುಡುಗಿ. ವಯಸ್ಸಿಗೆ ತಕ್ಕ ಎತ್ತರವಿಲ್ಲ, ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಉಬ್ಬರ. ಆಗಾಗ ಭೇದಿ. ಮುಖ ಬಿಳಿಚಿಕೊಂಡಿದೆ. ಜಂತುಹುಳುವಿನ ಔಷಧ ಕೊಟ್ಟಾಯಿತು, ಕಬ್ಬಿಣದ ಮಾತ್ರೆ ನುಂಗಿಸಿದ್ದಾಯಿತು, ದೃಷ್ಟಿ ತೆಗೆದದ್ದೂ ಆಯಿತು. ಅಜ್ಜಿ ಮರುಕದಿಂದ, 'ಜೋಳದ ರೊಟ್ಟಿ ಈ ಕೂಸಿಗೆ ಭಾರ, ಹಗುರಾಗಿ ಬ್ರೆಡ್ಡು ಹಾಲು ಕೊಡಿರಿ' ಎನ್ನುತ್ತಾಳೆ. ಮಗು ಮತ್ತಷ್ಟು ಬಾಡುತ್ತದೆ. ಇಲ್ಲಿ ಯಾರ ಪ್ರೀತಿಯಲ್ಲಿಯೂ ಕೊರತೆಯಿಲ್ಲ, ಕೊರತೆಯಿರುವುದು ತಿಳಿವಳಿಕೆಯಲ್ಲಿ. ಹಗುರವೆಂದು ಕೊಟ್ಟ ಬ್ರೆಡ್ಡೇ ಆ ಮಗುವಿಗೆ ವಿಷವಾಗಿರಬಹುದು, ಭಾರವೆಂದು ತೆಗೆದಿಟ್ಟ ರೊಟ್ಟಿಯೇ ಪಥ್ಯವಾಗಿರಬಹುದು.

ಇದು ಹೇಗೆ ಸಾಧ್ಯ? ಹೋಳಿಗೆ ಮಾಡುವ ತಾಯಂದಿರಿಗೆ ಇದನ್ನು ವಿವರಿಸುವುದು ಸುಲಭ. ಕಣಕವನ್ನು ಚೆನ್ನಾಗಿ ನಾದಿ, ಎಣ್ಣೆ ಹಚ್ಚಿ, ನೆನೆಯಲು ಬಿಟ್ಟರೆ ಅದು ರಬ್ಬರಿನಂತೆ ಹಿಗ್ಗುತ್ತದಲ್ಲವೆ? ಒಳಗಿನ ಹೂರಣ ಹೊರಬೀಳದಂತೆ ತೆಳ್ಳಗೆ ಹರಡುತ್ತದಲ್ಲವೆ? ಆ ಹಿಗ್ಗುವ ಗುಣ ಗೋಧಿಯಲ್ಲಿರುವ ಒಂದು ಸಸಾರಜನಕದ್ದು. ಅದಕ್ಕೆ ಗ್ಲೂಟೆನ್ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಆ ಮಾತಿಗೆ ಅಂಟು ಎಂದೇ ಅರ್ಥ. ನಾವೂ ಇಲ್ಲಿ ಅದನ್ನು ಗೋಧಿಯ ಅಂಟು ಎಂದೇ ಕರೆಯೋಣ. ಗೋಧಿಯಲ್ಲಿದ್ದಂತೆ ಅದರ ಬಂಧುಗಳಾದ ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿಯೂ ಈ ಜಾತಿಯ ಸಸಾರಜನಕ ಉಂಟು. ಜೋಳದಲ್ಲಿ ಅದು ಇಲ್ಲ. ಆದುದರಿಂದಲೇ ಜೋಳದ ಹಿಟ್ಟಿನಿಂದ ಹೋಳಿಗೆಯ ಕಣಕವಾಗುವುದಿಲ್ಲ.

ನಮ್ಮ ಸಣ್ಣಕರುಳಿನ ಒಳಮೈ ಮಖಮಲ್ಲಿನ ಬಟ್ಟೆಯಂತಿದೆ. ಅದರ ಮೇಲೆ ಕಣ್ಣಿಗೆ ಕಾಣಿಸದಷ್ಟು ಸಣ್ಣ ಎಳೆಗಳು ಒತ್ತಾಗಿ ನಿಂತಿವೆ. ಉಂಡ ಅನ್ನದ ಸಾರವನ್ನು ಹೀರಿ ರಕ್ತಕ್ಕೆ ಸೇರಿಸುವ ಕೆಲಸ ಈ ಎಳೆಗಳದು. ಗೋಧಿಯ ಅಂಟು ಪೂರ್ತಿಯಾಗಿ ಜೀರ್ಣವಾಗುವುದಿಲ್ಲ. ಅದರ ಚೂರುಗಳು ಕರುಳಿನ ಗೋಡೆಯನ್ನು ತಲುಪುತ್ತವೆ. ಹುಟ್ಟಿನಿಂದ ಈ ರೋಗದ ಒಲವಿರುವವರಲ್ಲಿ ದೇಹದ ಕಾವಲು ಪಡೆ ಆ ಚೂರುಗಳನ್ನು ಶತ್ರುವೆಂದು ಬಗೆದು ದಾಳಿ ಮಾಡುತ್ತದೆ. ಪೆಟ್ಟು ಬೀಳುವುದು ಮಾತ್ರ ಕರುಳಿಗೆ. ಎಳೆಗಳು ಸವೆದು, ಮಖಮಲ್ಲು ನುಣ್ಣನೆಯ ತಟ್ಟಾಗುತ್ತದೆ. ಆಮೇಲೆ ಎಷ್ಟು ಉಂಡರೂ ಸಾರ ಮೈಗೆ ಹತ್ತದು. ಕಬ್ಬಿಣ, ಸುಣ್ಣದ ಅಂಶ, ಜೀವಸತ್ವಗಳು ದೇಹವನ್ನು ಸೇರದೆ ಹೋಗುತ್ತವೆ. ಇದು ಒಬ್ಬರಿಂದೊಬ್ಬರಿಗೆ ಹರಡುವ ರೋಗವಲ್ಲ. ಗೋಧಿ ಬಿಟ್ಟರೆ ಎಳೆಗಳು ಮತ್ತೆ ಚಿಗುರುತ್ತವೆ. ಅದಕ್ಕೆ ಕೆಲವು ತಿಂಗಳು, ದೊಡ್ಡವರಲ್ಲಿ ಕೆಲವೊಮ್ಮೆ ವರ್ಷಗಳೇ ಬೇಕು.

ಈ ರೋಗ ಹಳೆಯದು, ಅದರ ಕಾರಣ ಗೊತ್ತಾದದ್ದು ಇತ್ತೀಚೆಗೆ. ಸುಮಾರು 1,900 ವರ್ಷಗಳ ಹಿಂದೆಯೇ ಅರೆಟೇಯಸ್ ಎಂಬ ಗ್ರೀಕ್ ವೈದ್ಯ ಇಂಥ ಹೊಟ್ಟೆಯ ರೋಗವನ್ನು ವರ್ಣಿಸಿದ. ಸೀಲಿಯಾಕ್ ಎಂಬ ಮಾತು ಹೊಟ್ಟೆ ಎಂಬ ಅರ್ಥದ ಗ್ರೀಕ್ ಶಬ್ದದಿಂದಲೇ ಬಂದಿದೆ. 1888ರಲ್ಲಿ ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ, ಈ ರೋಗ ವಾಸಿಯಾಗುವುದಾದರೆ ಅದು ಆಹಾರದಿಂದಲೇ ಆಗಬೇಕು ಎಂದು ಬರೆದರು. ಮಾತು ಸರಿಯಾಗಿತ್ತು, ಆದರೆ ಅಕ್ಕಿ, ಸಾಬೂದಾನಿ ಬೇಡವೆಂದು, ತೆಳ್ಳಗೆ ಕೊಯ್ದು ಸುಟ್ಟ ಬ್ರೆಡ್ಡು ಆಗಬಹುದೆಂದು ಅವರು ಹೇಳಿದ್ದರು! ಅಂಥ ನುರಿತ ಕಣ್ಣಿಗೂ ಗೋಧಿಯ ಮೇಲೆ ಸಂಶಯ ಬಂದಿರಲಿಲ್ಲ. ಆ ಸಂಶಯವನ್ನು ಹಿಡಿದು ಹೊರಟವರು ಹಾಲೆಂಡಿನ ಮಕ್ಕಳ ವೈದ್ಯ ವಿಲೆಮ್ ಕಾರೆಲ್ ಡಿಕೆ. ಎರಡನೆಯ ಮಹಾಯುದ್ಧದ ಕಡೆಯಲ್ಲಿ, 1944–45ರ ಚಳಿಗಾಲದಲ್ಲಿ, ಆ ದೇಶದಲ್ಲಿ ಘೋರ ಕ್ಷಾಮ. ಬ್ರೆಡ್ಡು ಸಿಕ್ಕದ ಆ ದಿನಗಳಲ್ಲಿ ಈ ರೋಗದ ಮಕ್ಕಳು ಕೆಡದೆ ಉಳಿದರು. ಬ್ರೆಡ್ಡು ಮರಳಿ ಬಂದಾಗ ರೋಗವೂ ಮರಳಿತು. ಡಿಕೆಯವರು ಒಂದೊಂದೇ ಧಾನ್ಯವನ್ನು ಕೊಟ್ಟು, ಬಿಡಿಸಿ, ತೂಗಿ ನೋಡಿ, 1950ರಲ್ಲಿ ಯುಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ತಮ್ಮ ಪ್ರಬಂಧವನ್ನು ಒಪ್ಪಿಸಿದರು.

ಇದೆಲ್ಲ ಗೋಧಿ ಉಣ್ಣುವ ದೇಶಗಳ ಮಾತು, ನಮಗೇಕೆ ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮ್ಮ ದೇಶದ ಉತ್ತರ, ಈಶಾನ್ಯ ಮತ್ತು ದಕ್ಷಿಣ ಭಾಗಗಳ 23,000ಕ್ಕೂ ಹೆಚ್ಚು ವಯಸ್ಕರ ರಕ್ತವನ್ನು ಪರೀಕ್ಷಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಈ ರೋಗದ ಸುಳಿವು ಕೊಡುವ ಅಂಶ ಉತ್ತರದಲ್ಲಿ ನೂರಕ್ಕೆ 1.23 ಜನರಲ್ಲಿ, ಈಶಾನ್ಯದಲ್ಲಿ 0.87 ಜನರಲ್ಲಿ, ದಕ್ಷಿಣದಲ್ಲಿ ಕೇವಲ 0.10 ಜನರಲ್ಲಿ ಕಂಡಿತು. ಅಂದರೆ ನಮ್ಮ ಕಡೆ ಸಾವಿರಕ್ಕೆ ಒಬ್ಬರು. ಇಷ್ಟೇ ಆಗಿದ್ದರೆ ನಾವು ನಿಶ್ಚಿಂತರಾಗಿರಬಹುದಿತ್ತು. ಆದರೆ ಅದೇ ಅಧ್ಯಯನ ಇನ್ನೊಂದು ಸಂಗತಿಯನ್ನೂ ಹೇಳಿತು. ಈ ರೋಗ ಬರಲು ಡಿಕ್ಯು 2, ಡಿಕ್ಯು 8 ಎಂಬ ವಂಶಗುಣಗಳಲ್ಲಿ ಒಂದಾದರೂ ಇರಬೇಕು. ಆ ವಂಶಗುಣ ಉತ್ತರದಲ್ಲಿ ನೂರಕ್ಕೆ 38 ಜನರಲ್ಲಿದ್ದರೆ ದಕ್ಷಿಣದಲ್ಲಿಯೂ 36 ಜನರಲ್ಲಿತ್ತು! ಹೆಚ್ಚು ಕಡಿಮೆ ಸರಿಸಮ. ವ್ಯತ್ಯಾಸವಿದ್ದದ್ದು ತಟ್ಟೆಯಲ್ಲಿ. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ಉಣ್ಣುತ್ತಿದ್ದರೆ ದಕ್ಷಿಣದವರು 25 ಗ್ರಾಂ ಮಾತ್ರ.

ಇದರ ಸೂಚನೆ ಸ್ಪಷ್ಟ. ಬೀಜ ನಮ್ಮಲ್ಲಿಯೂ ಉಂಟು. ಅದು ಮೊಳೆಯುವಷ್ಟು ಗೋಧಿ ನಮ್ಮ ಊಟದಲ್ಲಿ ಇರಲಿಲ್ಲ. ಆ ವಂಶಗುಣವಿದ್ದವರಿಗೆಲ್ಲ ರೋಗ ಬರುವುದಿಲ್ಲ, ಬರುವುದು ಕೆಲವರಿಗೆ ಮಾತ್ರ. ಆದರೂ ಊಟದ ರೀತಿ ಬದಲಾಗುತ್ತಿರುವಾಗ ಈ ರೋಗದ ಹೆಸರನ್ನಾದರೂ ನಾವು ಕೇಳಿರಬೇಕು. ವಿರಳವಾದ ರೋಗಕ್ಕೆ ಇನ್ನೊಂದು ಕಷ್ಟವುಂಟು: ಅದು ಯಾರಿಗೂ ಮೊದಲು ನೆನಪಿಗೆ ಬರುವುದಿಲ್ಲ.

ನೆನಪಿಗೆ ತಂದುಕೊಳ್ಳಬೇಕಾದ ಗುರುತುಗಳು ಇವು: ತಿಂಗಳುಗಟ್ಟಲೆ ಬಿಡದ ಭೇದಿ, ಹೊಟ್ಟೆಯುಬ್ಬರ; ಮಕ್ಕಳು ಎತ್ತರ, ತೂಕದಲ್ಲಿ ಹಿಂದೆ ಬೀಳುವುದು, ಪ್ರಾಯಕ್ಕೆ ಬರುವುದು ತಡವಾಗುವುದು; ಕಬ್ಬಿಣದ ಮಾತ್ರೆಗೆ ಬಗ್ಗದ ರಕ್ತಹೀನತೆ; ಮರುಕಳಿಸುವ ಬಾಯಿಹುಣ್ಣು; ಎಳೆಯ ವಯಸ್ಸಿನಲ್ಲೇ ಮೂಳೆಗಳ ಸವೆತ; ಕಾರಣ ತಿಳಿಯದ ಆಯಾಸ; ಕೆಲವು ಹೆಂಗಸರಲ್ಲಿ ಗರ್ಭ ನಿಲ್ಲದಿರುವುದು. ಹೊಟ್ಟೆಯ ತೊಂದರೆಯೇ ಇಲ್ಲದೆ ರಕ್ತಹೀನತೆಯೊಂದೇ ಕಾಣಿಸುವುದೂ ಉಂಟು. ಇವೆಲ್ಲ ಬೇರೆ ಕಾರಣಗಳಿಂದಲೂ ಬರುತ್ತವೆ. ಆದ್ದರಿಂದ ನಿರ್ಣಯ ವೈದ್ಯರದು. ಅವರು ಮೊದಲು ರಕ್ತಪರೀಕ್ಷೆ ಮಾಡಿಸುತ್ತಾರೆ. ಟಿಟಿಜಿ ಪರೀಕ್ಷೆ ಎಂದು ಅದರ ಹೆಸರು. ಅಗತ್ಯವಿದ್ದರೆ ಬಾಯಿಯ ಮೂಲಕ ಸಣ್ಣ ಕೊಳವೆಯನ್ನಿಳಿಸಿ ಕರುಳಿನ ಕಣದಷ್ಟು ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಮನೆಯಲ್ಲಿ ಒಬ್ಬರಿಗೆ ಈ ರೋಗವಿದ್ದರೆ ತಂದೆತಾಯಿ, ಒಡಹುಟ್ಟಿದವರು, ಮಕ್ಕಳು ಸಹ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಈ ಲೇಖನವನ್ನೋದಿ ಸಂಶಯ ಬಂತೆಂದು ನಾಳೆಯೇ ಮಗುವಿಗೆ ಗೋಧಿ ಬಿಡಿಸಬೇಡಿ. ಗೋಧಿ ಬಿಟ್ಟ ಮೇಲೆ ರಕ್ತದಲ್ಲಿನ ಗುರುತು ಇಳಿಯುತ್ತದೆ, ಕರುಳೂ ಮಾಗತೊಡಗುತ್ತದೆ. ಪರೀಕ್ಷೆಗೆ ರೋಗ ಸಿಕ್ಕುವುದೇ ಇಲ್ಲ. ಮೊದಲು ಪರೀಕ್ಷೆ, ಆಮೇಲೆ ಪಥ್ಯ. ಈ ಕ್ರಮ ತಪ್ಪಬಾರದು. ಏಕೆಂದರೆ ಈ ಪಥ್ಯ ಒಂದು ತಿಂಗಳಿನದಲ್ಲ, ಬದುಕಿನುದ್ದಕ್ಕೂ ನಡೆಯಬೇಕಾದದ್ದು. ಇಂದಿಗೂ ಈ ರೋಗಕ್ಕೆ ಪಥ್ಯದ ಬದಲಿಗೆ ನುಂಗಬಹುದಾದ ಮಾತ್ರೆಯಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ಈ ರೋಗಿಗಳ ಪಾಲಿಗೆ ಅಕ್ಷರಶಃ ನಿಜ.

ಇನ್ನು ಊಟದ ಮಾತು. ಬಿಡಬೇಕಾದದ್ದು ಗೋಧಿ ಮತ್ತು ಗೋಧಿಯ ಎಲ್ಲ ರೂಪಗಳು: ಮೈದಾ, ರವೆ, ಗೋಧಿ ನುಚ್ಚು, ಶ್ಯಾವಿಗೆ, ಬ್ರೆಡ್ಡು, ಬಿಸ್ಕತ್ತು. ಜವೆಗೋಧಿಯ ಬಗ್ಗೆ ಒಂದು ಶಬ್ದವಿಚಾರ. ಜವೆ ಎಂಬುದು ಸಂಸ್ಕೃತದ ಯವ ಶಬ್ದದ ತದ್ಭವ, ಅದು ಬಾರ್ಲಿ. ನಮ್ಮ ಉತ್ತರದ ಜಿಲ್ಲೆಗಳಲ್ಲಿ ಹಲವರು ಖಪ್ಲಿ ಗೋಧಿಗೂ ಇದೇ ಹೆಸರು ಹೇಳುತ್ತಾರೆ. ಹಳೆಯ ತಳಿ, ಆರೋಗ್ಯಕ್ಕೆ ಒಳ್ಳೆಯದು ಎಂದು ಅಂಗಡಿಯವರು ಹೇಳಿದರೂ ಎರಡರಲ್ಲಿಯೂ ಆ ಅಂಟು ಇದ್ದೇ ಇದೆ. ಈ ರೋಗಿಗಳಿಗೆ ಎರಡೂ ವರ್ಜ್ಯ. ಜೋಳಕ್ಕೆ ಸಂಸ್ಕೃತದಲ್ಲಿ ಯವನಾಲ ಎಂಬ ಹೆಸರುಂಟು. ಹೆಸರಿನಲ್ಲಿ ಯವ ಇದ್ದರೂ ಗುಣದಲ್ಲಿ ಇಲ್ಲ. 2007ರಲ್ಲಿ ಇಟಲಿಯ ನೇಪಲ್ಸಿನ ಸಂಶೋಧಕರು ಜೋಳದ ತಿನಿಸುಗಳನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ, ರೋಗಿಗಳಿಗೂ ಕೊಟ್ಟು ನೋಡಿ, ಕೇಡಿಲ್ಲವೆಂದು ಕಂಡರು. ನಮ್ಮ ಅಜ್ಜಿಯಂದಿರ ರೊಟ್ಟಿಗೆ ದೂರದ ಊರಿನಿಂದ ಬಂದ ಪ್ರಮಾಣಪತ್ರವಿದು ಎನ್ನಬಹುದು.

ಜೋಳದ ಜೊತೆಗೆ ಅಕ್ಕಿ, ಸಜ್ಜೆ, ರಾಗಿ, ನವಣೆ, ಸಾವೆ, ಬರಗು, ಮೆಕ್ಕೆಜೋಳ ಇವೆಲ್ಲ ಉಣ್ಣಬಹುದಾದ ಧಾನ್ಯಗಳು. ಬೇಳೆ, ಕಾಳು, ಹಾಲು, ಮೊಸರು, ತತ್ತಿ, ಮಾಂಸ, ಕಾಯಿಪಲ್ಯ, ಹಣ್ಣು, ಎಣ್ಣೆಬೀಜಗಳಿಗೆ ಅಡ್ಡಿಯಿಲ್ಲ. ಮೊದಲ ದಿನಗಳಲ್ಲಿ ಕೆಲವರಿಗೆ ಹಾಲು ಜೀರ್ಣವಾಗದು. ಕರುಳು ಮಾಗಿದಂತೆ ಅದು ಸಾಮಾನ್ಯವಾಗಿ ಸರಿಹೋಗುತ್ತದೆ. ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗಟ್ಟಿ ಮೊಸರು, ಬಳಿಕ ಒಂದಿಷ್ಟು ಅನ್ನ-ಸಾರು: ಈ ನಿತ್ಯದ ಊಟದಲ್ಲಿ ಗೋಧಿಯ ಒಂದು ಕಣವೂ ಇಲ್ಲ. ಪರದೇಶಗಳಲ್ಲಿ ಈ ರೋಗಿಗಳು ಹೆಚ್ಚು ಬೆಲೆ ಕೊಟ್ಟು ಹುಡುಕಿ ಕೊಳ್ಳುವ ಆಹಾರ ನಮ್ಮಲ್ಲಿ ಬಡವರ ಬುತ್ತಿಯಲ್ಲಿದೆ.

ಆದರೆ ಗೋಧಿ ನುಸುಳುವ ದಾರಿಗಳು ಹಲವು. ಮೊದಲನೆಯದು ಹಿಟ್ಟಿನ ಗಿರಣಿ. ನಮಗಿಂತ ಮುಂಚೆ ಯಾರೋ ಗೋಧಿ ಬೀಸಿಕೊಂಡು ಹೋಗಿದ್ದರೆ ಕಲ್ಲಿನಲ್ಲಿ ಉಳಿದ ಹಿಟ್ಟು ನಮ್ಮ ಜೋಳದೊಂದಿಗೆ ಬರುತ್ತದೆ. ರೋಗಿಗೆ ಅಷ್ಟೇ ಸಾಕು. ಮನೆಯಲ್ಲಿಯೇ ಬೀಸುವ ಏರ್ಪಾಡು ಎಲ್ಲಕ್ಕಿಂತ ಉತ್ತಮ. ಇಲ್ಲವಾದರೆ ಜೋಳ, ಅಕ್ಕಿ ಮಾತ್ರ ಬೀಸುವ ಗಿರಣಿಯನ್ನು ಹುಡುಕಬೇಕು. ಎರಡನೆಯದು ಇಂಗು. ಅಂಗಡಿಯ ಪುಡಿಯಿಂಗಿನಲ್ಲಿ ಬಹಳ ಸಲ ಗೋಧಿಹಿಟ್ಟನ್ನೋ ಮೈದಾವನ್ನೋ ಬೆರೆಸಿರುತ್ತಾರೆ. ಡಬ್ಬಿಯ ಮೇಲಿನ ಬರಹವನ್ನು ಓದಿ ಅಕ್ಕಿಹಿಟ್ಟಿನಲ್ಲಿ ಮಾಡಿದ್ದನ್ನು ಆರಿಸಬೇಕು. ಮೂರನೆಯದು ಮಾಲ್ಟ್ ಎಂಬ ಮಾತು. ಮೊಳಕೆ ಕಟ್ಟಿ ಬೀಸಿದ ಹಿಟ್ಟಿಗೆಲ್ಲ ಆ ಹೆಸರುಂಟು. ಮನೆಯ ರಾಗಿ ಮಾಲ್ಟಿಗೆ ದೋಷವಿಲ್ಲ. ಡಬ್ಬಿಯಲ್ಲಿ ಬರುವ ಮಾಲ್ಟ್ ಪೇಯಗಳು ಸಾಮಾನ್ಯವಾಗಿ ಬಾರ್ಲಿ, ಗೋಧಿಗಳಿಂದ ಆದವು. ನಾಲ್ಕನೆಯದು ಖಾನಾವಳಿಯ ಬಾಣಲೆ. ಕಡಲೆಹಿಟ್ಟಿನ ಮಿರ್ಚಿ ಭಜಿಯಲ್ಲಿ ಗೋಧಿ ಇಲ್ಲದಿದ್ದರೂ ಅದೇ ಎಣ್ಣೆಯಲ್ಲಿ ಪೂರಿ ಕರಿದಿದ್ದರೆ ಪ್ರಯೋಜನವಿಲ್ಲ. ಓಟ್ಸ್ ಕೂಡ ಗೋಧಿಯೊಡನೆ ಬೆರೆತು ಬರುವುದೇ ಹೆಚ್ಚು. ವೈದ್ಯರನ್ನು ಕೇಳದೆ ಬಳಸಬಾರದು. ಮನೆಯಲ್ಲಿ ಉಳಿದವರು ಚಪಾತಿ ತಿನ್ನುವುದಾದರೆ ರೋಗಿಯ ಹಂಚು, ಪರಾತ, ಜರಡಿ ಬೇರೆಯಾಗಿರಲಿ. ಅವರ ರೊಟ್ಟಿ ಮೊದಲಾಗಲಿ.

ದೊಡ್ಡವರು ರೊಟ್ಟಿಯಿಂದ ತೃಪ್ತರಾದಾರು. ಮಕ್ಕಳಿಗೆ ಬಿಸ್ಕತ್ತು, ಕೇಕು, ಬ್ರೆಡ್ಡು ಬೇಕು; ಗೆಳೆಯನ ಕೈಯಲ್ಲಿರುವುದು ತನ್ನ ಕೈಯಲ್ಲೂ ಇರಬೇಕೆಂಬ ಆಸೆ ಸಹಜ. ಅವುಗಳನ್ನೂ ಜೋಳದಿಂದ ಮಾಡಬಹುದು. ಅದಕ್ಕೆ ಮುಂಚೆ ರೊಟ್ಟಿಯ ಗುಟ್ಟನ್ನು ನೋಡಿ. ಅಂಟಿಲ್ಲದ ಹಿಟ್ಟು ಕೂಡಿಕೊಳ್ಳುವುದು ಹೇಗೆ? ನಮ್ಮ ಹೆಂಗಸರು ಕುದಿಯುವ ಎಸರನ್ನು ಹಿಟ್ಟಿಗೆ ಸುರಿಯುತ್ತಾರೆ. ಬಿಸಿನೀರು ತಾಗಿದ ಪಿಷ್ಟ ಗಂಜಿಯಂತಾಗಿ ಹಿಟ್ಟನ್ನು ಹಿಡಿಯುತ್ತದೆ. ಗೋಧಿಯ ಅಂಟಿನ ಕೆಲಸವನ್ನು ಇಲ್ಲಿ ಗಂಜಿ ಮಾಡುತ್ತದೆ. ಬೇಕರಿಯ ತಿನಿಸಿಗೂ ಬೇಕಾದದ್ದು ಇದೇ ಉಪಾಯ: ಅಂಟಿನ ಜಾಗದಲ್ಲಿ ಬೇರೊಂದು ಲೋಳೆಯನ್ನು ತಂದು ನಿಲ್ಲಿಸುವುದು. ಇಸಬಗೋಲು, ನೆನೆಸಿದ ಅಗಸಿಯ ಪುಡಿ, ತತ್ತಿ ಇವು ಆ ಕೆಲಸಕ್ಕೆ ಬರುತ್ತವೆ.

ಆರಂಭಕ್ಕೆ ನಾನಖಟಾಯಿ ಸುಲಭ. ಪುಡಿಪುಡಿಯಾಗುವುದೇ ಅದರ ಗುಣವಾದ್ದರಿಂದ ಅದಕ್ಕೆ ಅಂಟೇ ಬೇಡ. ತುಪ್ಪ 100 ಗ್ರಾಂ, ಪುಡಿಸಕ್ಕರೆ 100 ಗ್ರಾಂ ಚೆನ್ನಾಗಿ ನೊರೆಯೇಳುವಂತೆ ತಿಕ್ಕಿ, ಜೋಳದ ಹಿಟ್ಟು 150 ಗ್ರಾಂ, ಅಕ್ಕಿಹಿಟ್ಟು 50 ಗ್ರಾಂ, ಕಾಲು ಚಮಚ ಅಡಿಗೆ ಸೋಡಾ, ಏಲಕ್ಕಿ ಪುಡಿ ಸೇರಿಸಿ ಉಂಡೆ ಕಟ್ಟಿ ತುಸು ಒತ್ತಿ. ಹಿಟ್ಟು ಎರಡು ಸಲ ಜರಡಿಯಾಡಿದ್ದಿರಲಿ. 170 ಡಿಗ್ರಿ ಶಾಖದ ಒಲೆಪೆಟ್ಟಿಗೆಯಲ್ಲಿ 15ರಿಂದ 20 ನಿಮಿಷ ಸಾಕು. ಒಲೆಪೆಟ್ಟಿಗೆ ಇಲ್ಲದಿದ್ದರೆ ದಪ್ಪ ತಳದ ಪಾತ್ರೆಯಲ್ಲಿ ಉಪ್ಪು ಹರಡಿ ಕಾಯಿಸಿ, ನಡುವೆ ಕುಕ್ಕೆಯಿಟ್ಟು, ಅದರ ಮೇಲೆ ತಟ್ಟೆಯಿರಿಸಿ ಮುಚ್ಚಿ ಬೇಯಿಸಬಹುದು. ಬಿಸಿಯಿದ್ದಾಗ ಮೆತ್ತಗಿರುತ್ತದೆ, ಆರಿದ ಮೇಲೆಯೇ ಎತ್ತಬೇಕು.

ಬ್ರೆಡ್ಡು ಎಲ್ಲಕ್ಕಿಂತ ಕಷ್ಟದ್ದು, ಏಕೆಂದರೆ ಈಸ್ಟು ಹುಟ್ಟಿಸಿದ ಗಾಳಿಯನ್ನು ಹಿಡಿದಿಡುವುದೇ ಗೋಧಿಯ ಅಂಟು. ಅದರ ಬದಲು 20 ಗ್ರಾಂ ಇಸಬಗೋಲಿನ ಹೊಟ್ಟನ್ನು 300 ಮಿಲಿಲೀಟರು ನೀರಿನಲ್ಲಿ ಕದಡಿ ಲೋಳೆಯಾಗಲು ಬಿಡಿ. ಇನ್ನೂ 120 ಮಿಲಿಲೀಟರು ಉಗುರುಬೆಚ್ಚಗಿನ ನೀರಿನಲ್ಲಿ ಒಂದು ದೊಡ್ಡ ಚಮಚ ಸಕ್ಕರೆ, 7 ಗ್ರಾಂ ಒಣ ಈಸ್ಟು ಕರಗಿಸಿ. ಜೋಳದ ಹಿಟ್ಟು 200 ಗ್ರಾಂ, ಅಕ್ಕಿಹಿಟ್ಟು 100 ಗ್ರಾಂ, ಅಂಗಡಿಯಲ್ಲಿ ಕಾರ್ನ್ ಫ್ಲೋರ್ ಎನ್ನುವ ಮೆಕ್ಕೆಜೋಳದ ಪಿಷ್ಟ 100 ಗ್ರಾಂ, ಒಂದು ಚಮಚ ಉಪ್ಪು, ಎರಡು ದೊಡ್ಡ ಚಮಚ ಎಣ್ಣೆ ಎಲ್ಲವನ್ನೂ ಕೂಡಿಸಿ ಕಲಸಿ. ಇದು ಚಪಾತಿಯ ಹಿಟ್ಟಿನಂತಿರದೆ ಮೆತ್ತಗಿರುತ್ತದೆಂದು ಗಾಬರಿಯಿಂದ ಹಿಟ್ಟು ಸುರಿಯಬೇಡಿ. ಎಣ್ಣೆ ಸವರಿದ ಅಚ್ಚಿಗೆ ಹಾಕಿ, ಉಬ್ಬಲು ಒಂದು ತಾಸು ಬಿಟ್ಟು, 200 ಡಿಗ್ರಿಯಲ್ಲಿ 50ರಿಂದ 60 ನಿಮಿಷ ಬೇಯಿಸಿ. ಪೂರ್ತಿ ಆರುವ ಮುನ್ನ ಕೊಯ್ದರೆ ಒಳಗೆ ಅಂಬಲಿಯಂತಿರುತ್ತದೆ. ಬೇಕರಿಯ ಬ್ರೆಡ್ಡಿನಷ್ಟು ಹಗುರವಾಗದು, ಆದರೂ ಬ್ರೆಡ್ಡೇ.

ಅಂಗಡಿಯಲ್ಲಿ ಗ್ಲೂಟೆನ್-ರಹಿತ ಎಂಬ ಚೀಟಿ ಹೊತ್ತ ಪೊಟ್ಟಣಗಳೂ ಈಗ ಬರುತ್ತವೆ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಹಾಗೆ ಬರೆಯಬೇಕಾದರೆ ಒಂದು ಕಿಲೋಗ್ರಾಮಿನಲ್ಲಿ ಆ ಅಂಟು 20 ಮಿಲಿಗ್ರಾಮನ್ನು ಮೀರಿರಬಾರದು. ಬರಿಯ ಸಿರಿಧಾನ್ಯದ ಬಿಸ್ಕತ್ತು ಎಂದಿದ್ದರೆ ನಂಬಬೇಡಿ. ಅದರಲ್ಲಿ ಅರ್ಧ ಮೈದಾ ಇರಬಹುದು. ಹಾಗೆಯೇ ರೋಗವಿಲ್ಲದವರು ಹೊಸ ರೂಢಿಯೆಂದು ಗೋಧಿ ಬಿಡಬೇಕಾದ ಕಾರಣವೂ ಇಲ್ಲ.

ಕೊನೆಗೆ, ಶಿಕ್ಷಕವೃತ್ತಿಯವರ ಕಣ್ಣಿಗೆ ಬೀಳುವ ಒಂದು ಸಂಗತಿ. ಪಥ್ಯದ ಮಗು ಪಂಕ್ತಿಯಲ್ಲಿ ಒಂಟಿಯಾಗುತ್ತದೆ. ಜಾತ್ರೆಯಲ್ಲಿ ಸಜ್ಜಕದ ಪ್ರಸಾದ, ರಂಜಾನ್ ಹಬ್ಬಕ್ಕೆ ಪಕ್ಕದ ಮನೆಯ ಸುರಕುಂಬಾ, ಗೆಳತಿಯ ಹುಟ್ಟುಹಬ್ಬದ ಕೇಕು ಎಲ್ಲಕ್ಕೂ ಅದು ಬೇಡವೆನ್ನಬೇಕು. 'ಒಂದು ತುತ್ತಿಗೆ ಏನಾದೀತು, ತಿನ್ನವ್ವಾ' ಎನ್ನುವವರೇ ಹೆಚ್ಚು. ಒಂದು ತುತ್ತಿಗೂ ಕರುಳಿಗೆ ಪೆಟ್ಟು ಬೀಳಬಲ್ಲದೆಂದು ಬಂಧುಗಳಿಗೆ ತಿಳಿಸಿ ಹೇಳಿ. ಶಾಲೆಯಲ್ಲಿ ಮೇಷ್ಟರಿಗೂ ಅಡಿಗೆಯವರಿಗೂ ಚೀಟಿಯಲ್ಲಿ ಬರೆದುಕೊಡಿ. ಹಬ್ಬಕ್ಕೆ ಎಳ್ಳುಂಡಿ, ಶೇಂಗಾದುಂಡಿ, ಅಕ್ಕಿಹಿಟ್ಟಿನ ಕಡಬು, ಅಕ್ಕಿಯ ಶ್ಯಾವಿಗೆಯ ಪಾಯಸ ಮಾಡಿ ಎಲ್ಲರಿಗೂ ಬಡಿಸಿದರೆ ಆ ಮಗುವಿಗೆ ಬೇರೆ ಎಲೆ ಹಾಕುವ ಪ್ರಸಂಗವೇ ಬಾರದು. ಕನಕದಾಸರು ರಾಮಧಾನ್ಯ ಚರಿತೆಯಲ್ಲಿ ಭತ್ತಕ್ಕೂ ರಾಗಿಗೂ ವಾದ ಹೂಡಿಸಿ, ಬಡವರ ಧಾನ್ಯಕ್ಕೆ ರಾಮನ ಸಭೆಯಲ್ಲಿ ಮಾನ ದೊರಕಿಸಿದರು. ನಮ್ಮ ಪಂಕ್ತಿಯಲ್ಲಿ ಜೋಳಕ್ಕೂ ಅಂಥ ಮಾನ ಸಿಕ್ಕಲಿ. ಮನೆಯಲ್ಲಿ ಬೆಳವಣಿಗೆ ನಿಂತ ಮಗುವಿದ್ದರೆ, ಕಬ್ಬಿಣದ ಮಾತ್ರೆಗೆ ಬಗ್ಗದ ರಕ್ತಹೀನತೆಯಿದ್ದರೆ, ಮುಂದಿನ ಸಲ ವೈದ್ಯರ ಬಳಿಗೆ ಹೋದಾಗ ಈ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಿ: 'ಇದು ಗೋಧಿಯಿಂದ ಬಂದದ್ದಿರಬಹುದೆ?'